ಹೊರಬಾಗಿಲು ಬಡಿದವಳು

ನಿಪ್ಪಾಣಿ
ಶನಿವಾರ, ೨೨ ನವೆಂಬರ್ ೨೦೧೪

ನನ್ನ ಪ್ರೀತಿಯ, ಮುದ್ದಿನ, ಒಬ್ಬಳೇ ಒಬ್ಬಳು ಆತ್ಯಾ,

ನಾನೂ ಆತ್ಯಾ ಆದೆ, ಸೋದರತ್ತೆ! ಅಭಿನಂದನ ದಾದಾನಿಗೆ ಹೆಣ್ಣುಮಗು ಹುಟ್ಟಿದೆ, ಮೊನ್ನೆ ಗುರುವಾರ ತೊಟ್ಟಿಲಿಗೆ ಹಾಕಿದೆವು, ಕಿವಿಯಲ್ಲಿ ಹೆಸರು ಹೇಳಿದವಳು ನಾನೇ, ಬೆನ್ನಿಗೆ ಗುದ್ದು ತಿಂದವಳೂ ನಾನೇ! ಇದನ್ನು ಎಲ್ಲಕ್ಕಿಂತ ಮೊದಲು ಬರೆಯದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು. ಈಗ ಸಮಾಧಾನವಾಗಿ ಕೇಳುತ್ತೇನೆ, ಹೇಗಿದ್ದೀ? ಧಾರವಾಡದ ಚಳಿಗೆ ನಿನ್ನ ಕೆಮ್ಮು ಮತ್ತೆ ಏಳಲಿಲ್ಲ ತಾನೇ? ಲಖನ ಮಾಮಾನ ಮೊಣಕಾಲು ಹೇಗಿದೆ? ಶಾಲೆಯ ಮೂರು ಮಹಡಿ ಹತ್ತಿ ಇಳಿಯುವುದನ್ನು ಇನ್ನಾದರೂ ಕಡಿಮೆ ಮಾಡಲಿ, ನಾನು ಹೇಳಿದೆನೆಂದು ಹೇಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಮದುವೆಯ ಕುಪ್ಪಸ ಒಂದೂ ಹಿಡಿಯುತ್ತಿಲ್ಲ. ಮನೆಯ ಪಕ್ಕದಲ್ಲೇ ಮಾವನವರು ತಂಬಾಕಿನ ಮೂಟೆ ಪೇರಿಸಿಡುವ ವಖಾರಿ ಇದೆ. ಹೊಸ ಸೊಸೆ ಒಂದು ತಿಂಗಳು ಸೀನುತ್ತಾಳೆ, ಆಮೇಲೆ ರೂಢಿಯಾಗುತ್ತದೆ ಅಂದಿದ್ದರು. ಆರು ತಿಂಗಳಾಯಿತು, ಇನ್ನೂ ಸೀನುತ್ತಿದ್ದೇನೆ. ಭರತೇಶ ಮಾತ್ರ ನಾನು ಸೀನಿದಾಗಲೆಲ್ಲ ಎಷ್ಟು ದೂರದಲ್ಲಿದ್ದರೂ ‘ಶತಾಯುಷಿ ಆಗ’ ಅನ್ನುತ್ತಾರೆ. ಈ ಲೆಕ್ಕದಲ್ಲಿ ನನಗೆ ಸಾವೇ ಇಲ್ಲ. ನೋಡು, ಅವರ ಹೆಸರನ್ನೇ ಬರೆದುಬಿಟ್ಟೆ! ಅತ್ತೆ ಕೇಳಿದರೆ, ‘ಏ ಹುಡಗಿ, ಗಂಡನ ಹೆಸರ ಹಿಂಗ ಬಾಯಾಗ ಚಾಕಲೇಟ ಇಟ್ಕೊಂಡಂಗ ಇಟ್ಕೊಂಡ ತಿರಗತಾರೇನ?’ ಅನ್ನುತ್ತಾರೆ. ಅಂದು ತಾವೇ ನಗುತ್ತಾರೆ.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತು. ನಮ್ಮ ತವರು ಚಿಕ್ಕೋಡಿಯ ಮಾತು ಬಂದ ಕೂಡಲೇ ನೀನು ‘ಊಟಾ ಆತೇನ ನಿಂದು?’ ಅಂತ ದಾರಿ ತಪ್ಪಿಸುತ್ತೀ, ನಾನೂ ಪೆದ್ದಿಯ ಹಾಗೆ ಏನುಂಡೆ ಅಂತ ಹೇಳುತ್ತ ಕೂರುತ್ತೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಮಗುವಿನ ಹೆಸರು ಏನೆಂದು ಹಾಳೆ ತಿರುವಿ ಹುಡುಕುವ ಹಾಗೂ ಇಲ್ಲ, ನಿನ್ನ ಮೇಲೆ ಆಣೆ! ಹೆಸರಿಗೆ ಬರುವ ಮೊದಲು ನನ್ನ ಗಂಟಲಿನಲ್ಲಿ ಕೂತಿರುವ ಹೇಸಿಗೆಯನ್ನೆಲ್ಲ ಹೊರಗೆ ಹಾಕಬೇಕು. ಹೊಸ ಮದುವಣಗಿತ್ತಿ ಹೇಸಿಗೆ ಅನ್ನುವ ಮಾತನ್ನು ಬರೆಯಬಾರದೋ ಏನೋ. ಬೇರೆ ಮಾತು ಸಿಗುತ್ತಿಲ್ಲ.

ನಮ್ಮ ‘ಕೆಸ್ಟ್ರೆಲ್ ಹಾರ್ಬರ್’ ಮತ್ತೆ ಟೀವಿಗೆ ಬಂದಿದೆ. ಹೌದು, ಅದೇ! ದಸರೆಯ ಹೊತ್ತಿಗೆ ಸುದ್ದಿ ಓದಿ ಅಡಿಗೆಮನೆಯಲ್ಲೇ ಕುಣಿದೆ, ಅತ್ತೆ ಹಾಲು ಉಕ್ಕಿತೆಂದು ಓಡಿಬಂದರು. ಭರತೇಶ ಎಲ್ಲಿಂದಲೋ ಮೊದಲ ಕಂತನ್ನು ಲ್ಯಾಪ್‌ಟಾಪಿಗೆ ಇಳಿಸಿ ತಂದರು. ಅವರು ಈ ಸೀರಿಯಲ್ ನೋಡಿದವರಲ್ಲ, ಆದ್ದರಿಂದ ಮೊದಲು ಇಡೀ ಕಥೆಯನ್ನು ಹೇಳಬೇಕಾಯಿತು. ನಿನಗೆ ಗೊತ್ತಿದ್ದರೂ ಇನ್ನೊಮ್ಮೆ ಬರೆಯುತ್ತೇನೆ, ಬರೆಯುವ ಸುಖ ನನ್ನದು. ಆಕಾಶದ ಕಟ್ಟಕಡೆಯಲ್ಲಿ ಒಂದು ಬಂದರು. ಊರು ಕಳೆದುಕೊಂಡ ಹಡಗುಗಳೆಲ್ಲ ಬಂದು ನಿಲ್ಲುವ ಜಾಗ. ಅದರ ಹೊರಬಾಗಿಲನ್ನು ಕಾಯುವವಳು ಓನಾ ವೇಲ್. ಕೊನೆಯ ಕಂತಿನಲ್ಲಿ ಬಾಗಿಲು ಕೆಟ್ಟು, ಒಳಗಿನ ಗಾಳಿಯೆಲ್ಲ ಸೋರಿಹೋಗುವ ಹೊತ್ತಿಗೆ ಅವಳು ತಾನೇ ಹೊರಗೆ ಹೋಗಿ, ಹೊರಗಿನಿಂದ ಕೈಯಾರೆ ಬಾಗಿಲು ಎಳೆದುಕೊಳ್ಳುತ್ತಾಳೆ. ಒಳಗಿದ್ದವರೆಲ್ಲ ಉಳಿಯುತ್ತಾರೆ, ಅವಳು ಕತ್ತಲಿಗೆ ತೇಲಿಹೋಗುತ್ತಾಳೆ. ಅಲ್ಲಿಗೆ ಸೀರಿಯಲ್ ನಿಂತೇ ಹೋಯಿತು. ನಾನು ಮೂರು ದಿನ ಅನ್ನ ಮುಟ್ಟಲಿಲ್ಲ, ನೆನಪಿದೆಯಾ? ಆಗ ನೀನು ಬೆಳಗಾವಿಯ ಹಳೆ ಪುಸ್ತಕದ ಅಂಗಡಿಯಿಂದ ಆ ಮೊದಲ ಪುಸ್ತಕ ತಂದೆ. ಟೀವಿಯಲ್ಲಿ ಮುಗಿದ ಕಥೆ ಪುಸ್ತಕದಲ್ಲಿ ಮುಂದುವರಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ! ನನ್ನನ್ನು ಮಾಳಿಗೆಯ ಮೇಲೆ ಕೂರಿಸಿಕೊಂಡು, ಇಂಗ್ಲಿಷ್ ಸಾಲನ್ನು ಓದಿ ಓದಿ ನಮ್ಮ ಮಾತಿನಲ್ಲಿ ಹೇಳಿದೆ: ‘ಎಲ್ಲಾರೂ ಉಣ್ಣಾಕ ಕುಂತಾರ. ಅಷ್ಟರಾಗ ಹೊರಬಾಗಲಾ ಯಾರೋ ಬಡೀತಾರ. ಎರಡ ಗಟ್ಟಿ, ಒಂದ ಮೆತ್ತಗ. ಹೊರಗ ಮನಶ್ಯಾರ ಇರಾಕ ಸಾಧ್ಯನ ಇಲ್ಲ. ಆದ್ರೂ ಬಡೀತಾರ.’ ನನ್ನ ಮೈಮೇಲೆ ಮುಳ್ಳೆದ್ದಿತ್ತು. ಮೂಲೆಯಲ್ಲಿ ಜಪಮಾಲೆ ಹಿಡಿದಿದ್ದ ಅಜ್ಜಿ, ನಿನ್ನ ಆಯಿ, ಮಣಿ ಎಣಿಸುವುದನ್ನು ಬಿಟ್ಟು, ‘ತಗೀರಲೇ ಬಾಗಲಾ, ಪಾಪ, ಹೊರಗ ಚಳಿ ಇರತೈತಿ’ ಅಂದಿದ್ದಳು.

ಅಂದಿನಿಂದ ಮಾಳಿಗೆಯ ಬಾಗಿಲನ್ನು ನಾವಿಬ್ಬರೂ ಹಾಗೆಯೇ ಬಡಿದೆವು. ಎರಡು ಗಟ್ಟಿ, ಒಂದು ಮೆತ್ತಗೆ. ಹಾಗೆ ಬಡಿದು ಒಳಗೆ ಬಂದ ಓನಾ ಮುಂದಿನ ಪುಸ್ತಕಗಳಲ್ಲಿ ಏನೆಲ್ಲ ಮಾಡಿದಳು! ಬೇರೆ ಬಂದರು ಕಟ್ಟಿದಳು, ಮದುವೆಯಾದಳು, ಅರ್ಧ ಆಕಾಶಕ್ಕೆ ತಾಯಿಯಾದಳು. ನೀನು ಮನೆ ಬಿಟ್ಟ ಮೇಲೂ, ನಾನು ಬೆಳಗಾವಿಯಲ್ಲಿ ಕಾಲೇಜಿಗಿದ್ದಾಗ, ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತು ಒಂದೊಂದೇ ಪುಸ್ತಕ ಕೊಟ್ಟು ಹೋಗುತ್ತಿದ್ದೆ. ಇಪ್ಪತ್ತೆರಡೂ ನನ್ನ ಹತ್ತಿರ ಇವೆ.

ಹೊಸ ಕಂತಿನಲ್ಲಿ ಏನು ಮಾಡಿದ್ದಾರೆ ಗೊತ್ತಾ? ಕ್ಯಾಪ್ಟನ್‌ನ ಗಡ್ಡ ಬೆಳ್ಳಗಾಗಿದೆ. ಅವನು ಹೊರಬಾಗಿಲಿನ ಹತ್ತಿರ ಹೋಗಿ, ಒಂದು ಫಲಕದ ಕೆಳಗೆ ಹೂವಿಡುತ್ತಾನೆ. ಫಲಕದ ಮೇಲೆ ಓನಾಳ ಹೆಸರು. ಸತ್ತು ಇಷ್ಟು ವರ್ಷವಾಯಿತು ಅಂತ ಕಣ್ಣೊರೆಸಿಕೊಳ್ಳುತ್ತಾನೆ! ಬಾಗಿಲು ಬಡಿದದ್ದೂ ಇಲ್ಲ, ತೆರೆದದ್ದೂ ಇಲ್ಲ. ಸೀರಿಯಲ್ ಮಾಡುವವರು ಮೊದಲೇ ಹೇಳಿಕೆ ಕೊಟ್ಟಿದ್ದಾರಂತೆ: ಟೀವಿಯಲ್ಲಿ ತೋರಿಸಿದ್ದಷ್ಟೇ ನಡೆದದ್ದು, ಪುಸ್ತಕಗಳಲ್ಲಿ ಬಂದದ್ದು ಯಾವುದೂ ನಡೆದಿಲ್ಲವೆಂದು ತಿಳಿಯತಕ್ಕದ್ದು. ಇಪ್ಪತ್ತೆರಡು ಪುಸ್ತಕ ಮಾರಿ ದುಡ್ಡು ಎಣಿಸಿಕೊಂಡವರೂ ಅವರೇ! ಥೂ. ಆ ಹೂವನ್ನು ನೋಡಿದಾಗ ನನಗೆ ನಿಜವಾಗಿಯೂ ವಾಕರಿಕೆ ಬಂತು, ಅತ್ತೆ ಬೇರೆಯೇ ಅರ್ಥ ಮಾಡಿಕೊಂಡು ಖುಷಿಪಟ್ಟರು, ಆ ಕಥೆ ಬೇಡ. ಬದುಕಿರುವವಳಿಗೆ ಹೂವಿಟ್ಟು ಅಳುವುದಕ್ಕಿಂತ ಅಸಹ್ಯ ಈ ಲೋಕದಲ್ಲಿ ಬೇರೆ ಇದೆಯಾ? ಭರತೇಶ ಲ್ಯಾಪ್‌ಟಾಪ್ ಮುಚ್ಚಿ, ‘ಕಥಿ ಅಲ್ಲೇನ ಅದು? ಇಷ್ಟ್ಯಾಕ ನಡಗಾಕತ್ತಿ?’ ಅಂದರು. ಆಗ ನಿನ್ನ ವಿಷಯ ಹೇಳಿದೆ. ಅಲ್ಲಿಯವರೆಗೆ ಹೇಳಿರಲಿಲ್ಲ, ಹೇಳಕೂಡದೆಂದು ಅಪ್ಪಾ ನನ್ನಿಂದ ಮಾತು ತೆಗೆದುಕೊಂಡಿದ್ದರು.

ನೀನು ಹೋದ ದಿನ ಮನೆಯಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಒಂಬತ್ತನೆಯ ತರಗತಿ. ಶಾಲೆಯಿಂದ ಬಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲರ ತಲೆಗೂದಲು ಒದ್ದೆ. ಅಪ್ಪಾ, ಅವ್ವಾ, ದಾದಾ, ಎಲ್ಲರೂ ನೀರು ಸುರಿದುಕೊಂಡು ಕೂತಿದ್ದರು. ಅವ್ವಾ ಮಾತಾಡದೆ ಯೂನಿಫಾರ್ಮಿನ ಸಮೇತ ನನ್ನ ತಲೆಯ ಮೇಲೂ ಒಂದು ಕೊಡ ಸುರಿದಳು. ಯಾರು ಸತ್ತರು ಅಂತ ಕೇಳಿದೆ. ಅಪ್ಪಾ, ‘ನನಗ ತಂಗಿ ಇದ್ದಿದ್ದಿಲ್ಲ. ಇನ್ನ ಮ್ಯಾಲೆ ಆ ಹೆಸರ ಈ ಮನ್ಯಾಗ ಕೇಳಬಾರದು’ ಅಂದರು. ಸದಲಗಾದ ದಲಿತರ ಕೇರಿಯ ಬೌದ್ಧರ ಮನೆಯ ಹುಡುಗ, ನಿನ್ನ ಜೊತೆಗೆ ರಾಯಬಾಗದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಲಖನ ಮಾಮಾ, ಅವನ ಕೈ ಹಿಡಿದದ್ದಕ್ಕೆ ನಿನ್ನ ಹೆಸರಿನಲ್ಲಿ ಸೂತಕದ ಸ್ನಾನ! ಆಯಿ ಒಬ್ಬಳೇ ಒಣಗಿದ ತಲೆಯಲ್ಲಿ ಕಂಬಕ್ಕೆ ಒರಗಿ, ‘ನನಗ ಜ್ವರ ಬಂದೈತಿ, ನಾ ಜಳಕಾ ಮಾಡೂದಿಲ್ಲ’ ಅನ್ನುತ್ತಿದ್ದಳು. ಜ್ವರ ಅಂತಲೇ ನಂಬಿದ್ದೆ.

ಹೆಸರಿನ ವಿಷಯದಲ್ಲಿ ಅಪ್ಪಾ ಎಷ್ಟು ಕಟ್ಟುನಿಟ್ಟು ಅಂದರೆ, ನನ್ನ ಲಗ್ನಪತ್ರಿಕೆ ನೋಡಿದರೆ ನಿನಗೆ ನಗು ಬರುತ್ತದೆ. ದಿಗ್ಗೇವಾಡಿಯ ದೂರದ ಕಾಕಾಗಳು, ಅವರ ಬೀಗರು, ನಾನು ಮುಖವನ್ನೇ ನೋಡದ ಕಾಗವಾಡದ ತಾತ್ಯಾಸಾಹೇಬರು, ಕಡೆಗೆ ‘ನಮ್ಮ ತೃಪ್ತಿ ಮಾವಶಿಯ ಮದುವಿಗಿ ಬರ್ರಿ’ ಅನ್ನುವ ಸಾಲಿನ ಕೆಳಗೆ ಇನ್ನೂ ಹಲ್ಲು ಬಾರದ ಕೂಸುಗಳ ಹೆಸರು ಕೂಡ. ತೀರಿಹೋದವರಿಗೂ ಮೇಲೆ ಒಂದು ಸಾಲು ಇತ್ತು. ಇದ್ದವರಲ್ಲೂ ಇಲ್ಲ, ತೀರಿದವರಲ್ಲೂ ಇಲ್ಲ, ಹಾಗೆ ಬಿಟ್ಟದ್ದು ನಿನ್ನೊಬ್ಬಳನ್ನೇ. ಅದಕ್ಕೇ ನಾನು ಹಟ ಹಿಡಿದೆ. ನಮ್ಮಲ್ಲಿ ಮದುವೆಯ ದಿನ ರುಖವತ ಇಡುತ್ತಾರಲ್ಲ, ಹುಡುಗಿ ಕೈಯಾರೆ ಮಾಡಿದ್ದು, ತವರಿನಿಂದ ಒಯ್ಯುವುದು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ಬೀಗರಿಗೆ ತೋರಿಸುವುದು? ಅಲ್ಲಿ ಕ್ರೋಶಾದ ಬಾತುಕೋಳಿ, ಬಣ್ಣದ ಶಾವಿಗೆ, ಸಕ್ಕರೆಯ ದೇವಸ್ಥಾನ ಇವುಗಳ ನಡುವೆ ನಮ್ಮ ಇಪ್ಪತ್ತೆರಡು ಪುಸ್ತಕಗಳನ್ನೂ ಸಾಲಾಗಿ ನಿಲ್ಲಿಸಿದೆ. ಪ್ರತಿಯೊಂದರ ಮೊದಲ ಹಾಳೆಯಲ್ಲಿ ನಿನ್ನ ಕೈಬರಹ ಇತ್ತಲ್ಲ, ‘ತೃಪ್ತಿಗೆ, ಬಾಗಿಲ ಹಾಕಬ್ಯಾಡ’, ‘ತೃಪ್ತಿಗೆ, ಪರೀಕ್ಷೆ ಮುಗಿದ ಮ್ಯಾಲೆ ಓದು, ಸುಳ್ಳ ಹೇಳಬ್ಯಾಡ’, ಕೆಳಗೆ ನಿನ್ನ ಹೆಸರು. ಅದು ಆ ಮಂಟಪದೊಳಗೆ ಎಲ್ಲೋ ಒಂದು ಕಡೆ ಇರಲಿ ಅಂತ ನನ್ನ ಆಸೆ. ಬೀಗರು ಬಾತುಕೋಳಿಯನ್ನು ಹೊಗಳಿದರು. ಅಪ್ಪಾ ಪುಸ್ತಕಗಳನ್ನು ಎಷ್ಟೋ ಹೊತ್ತು ನೋಡಿ, ಏನೂ ಅನ್ನದೆ ಹೋದರು. ಆಯಿ ಮಾತ್ರ ಕುರ್ಚಿ ಹಾಕಿಸಿಕೊಂಡು ಮೇಜಿನ ಪಕ್ಕವೇ ಕೂತಳು, ‘ಇವೆಲ್ಲಾ ನಿಪ್ಪಾಣಿಗೇ ಹೋಗ್ತಾವೇನ? ಒಂದೂ ಇಲ್ಲಿ ಇರೂದಿಲ್ಲೇನ?’ ಅಂತ ಎರಡು ಸಲ ಕೇಳಿದಳು.

ಅದೇ ದಿನ ಅಕ್ಕುತಾಯಿ ಅಜ್ಜಿ, ನಿನ್ನ ಅತ್ತೆ, ಸದಲಗಾದಿಂದ ಬಸ್ಸು ಹತ್ತಿ ಬಂದಿದ್ದರು. ನಿನಗೂ ಹೇಳದೆ ಬಂದಿದ್ದರಂತೆ. ನನ್ನ ಉಡಿ ತುಂಬಲು ಒಂದು ತೆಂಗಿನಕಾಯಿ, ಹಸಿರು ಖಣ. ಮಂಟಪದ ಗೇಟಿನಲ್ಲೇ ಯಾರೋ ಅದನ್ನು ಇಸಿದುಕೊಂಡು, ‘ಕೊಡ್ತೀವಿ ಬಿಡ್ರಿ ಅಜ್ಜಿ’ ಅಂತ ಸಾಗಹಾಕಿದರು. ಕಾಯಿಯನ್ನು ಒಳಗೆ ತರಲಿಲ್ಲ, ಜನರೇಟರಿನ ಪಕ್ಕ ಮಣ್ಣಿನಲ್ಲಿ ಇಟ್ಟಿದ್ದರು! ಊಟದ ಪಂಕ್ತಿಯಲ್ಲಿ ಯಾರೋ ನಗುತ್ತ ಆ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ಶಾಲು ಹೊದ್ದು, ಬಾಸಿಂಗ ಕಟ್ಟಿಕೊಂಡೇ ಹೋಗಿ ಎತ್ತಿಕೊಂಡು ಬಂದೆ. ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಇಂಥವರ ನಡುವೆ ನಾನು ಜರಿ ಸೀರೆ ಉಟ್ಟು ನಗುತ್ತ ಫೋಟೋ ತೆಗೆಸಿಕೊಂಡೆನಲ್ಲ ಅಂತ ಈಗಲೂ ಆಲ್ಬಮ್ ತೆರೆಯಲು ಮನಸ್ಸಾಗುವುದಿಲ್ಲ. ಆ ಕಾಯಿಯನ್ನು ನಿಪ್ಪಾಣಿಗೆ ತಂದೆ. ಯಾರದೆಂದು ಹೇಳದೆ ಭರತೇಶರ ಕೈಗೆ ಕೊಟ್ಟೆ. ಅವರು ಹೊಸ್ತಿಲಲ್ಲಿ ಒಡೆದು, ಮೊದಲ ಹೋಳು ನನ್ನ ಬಾಯಿಗಿಟ್ಟು, ಎರಡನೆಯದನ್ನು ತಾವು ಕಚ್ಚಿ, ‘ಚಲೋ ಸಿಹಿ ಐತಿ, ಯಾವೂರ ಕಾಯಿ?’ ಅಂದರು. ನಾನು ಆ ಕ್ಷಣದಲ್ಲೇ, ಮದುವೆಯಾದ ಮಾರನೆಯ ದಿನವೇ, ಅವರನ್ನು ಪ್ರೀತಿಸಲು ಶುರು ಮಾಡಿದೆ. ಇದನ್ನು ಲಖನ ಮಾಮಾನಿಗೆ ಓದಿ ಹೇಳಬೇಡ, ನಾಚಿಕೆಯಾಗುತ್ತದೆ. ಓದಿ ಹೇಳಿದರೂ ಹೇಳು.

ಸಂಜೆಗೆ ಪೆಟ್ಟಿಗೆ ಬಿಚ್ಚಿ ಪುಸ್ತಕಗಳನ್ನು ಜೋಡಿಸಲು ಒಬ್ಬಳೇ ಕೂತೆ. ಮೊದಲನೆಯದು ತೆರೆದೆ. ಮೊದಲ ಹಾಳೆ ಇಲ್ಲ. ಎರಡನೆಯದು ತೆರೆದೆ. ಇಲ್ಲ. ಇಪ್ಪತ್ತೆರಡರಲ್ಲೂ ಇಲ್ಲ, ಆತ್ಯಾ. ಹರಿದದ್ದಲ್ಲ, ಬುಡಕ್ಕೆ ಹಿಡಿದು ಎಷ್ಟು ನೀಟಾಗಿ ಕೊಯ್ದಿದ್ದಾರೆಂದರೆ ಮೊದಲಿಂದ ಹಾಳೆಯೇ ಇರಲಿಲ್ಲವೇನೋ ಅನ್ನಬೇಕು, ಹಾಗೆ. ನನ್ನ ಕೈಯಲ್ಲಿ ಉಳಿದದ್ದು ನಿನ್ನ ಹೆಸರಿಲ್ಲದ ಪುಸ್ತಕಗಳು. ಮೇಜಿನ ಮುಂದೆ ನಿಂತು ಒಂದೂ ಮಾತಾಡದೆ ಹೋದರಲ್ಲ ಅಪ್ಪಾ, ಅದರ ಅರ್ಥ ಆಗ ಹೊಳೆಯಿತು. ಫೋನು ಮಾಡಿ ಕೇಳಿದೆ. ‘ಯಾವ ಹಾಳಿ? ನನಗೇನ ಗೊತ್ತ?’ ಅಂದರು. ಮಗಳ ಮದುವೆಯ ಗದ್ದಲದಲ್ಲೂ ಇದಕ್ಕೆ ಪುರುಸೊತ್ತು ಮಾಡಿಕೊಂಡರಲ್ಲ ಅಂತ ನೆನೆದು ನೆನೆದು ಮೈಯೆಲ್ಲ ಉರಿಯಿತು. ದಸರೆಯಲ್ಲಿ ಆ ಕ್ಯಾಪ್ಟನ್‌ನ ಹೂವು ನೋಡಿದಾಗ ವಾಕರಿಕೆ ಯಾಕೆ ಬಂತೆಂದು ಈಗ ತಿಳಿಯಿತಲ್ಲ?

ಇದರ ನಡುವೆ ಕ್ಷಮಾವಾಣಿ ಬಂತು. ದಶಲಕ್ಷಣ ಪರ್ವದ ಉಪವಾಸಗಳು ಮುಗಿದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಆ ದಿನ ನನಗೆ ಚಿಕ್ಕಂದಿನಿಂದ ಬಹಳ ಇಷ್ಟವಿತ್ತು, ನಿನಗೆ ಗೊತ್ತು. ನಾನು ಚಿಕ್ಕೋಡಿಯಲ್ಲಿದ್ದೆ. ಅಪ್ಪಾ ಬಸದಿಯಿಂದ ಬಂದವರು ಹಾಲಿನ ಭೀಮಸಿಗೆ ಕೈಮುಗಿದರು, ಸೊಸೆಗೆ ಮುಗಿದರು, ನನಗೂ ಮುಗಿದರು. ತಿಳಿದೂ ತಿಳಿಯದೆಯೂ ನೀರಿನ ಜೀವಕ್ಕೆ, ಮಣ್ಣಿನ ಜೀವಕ್ಕೆ, ಗಿಡದ ಎಲೆಗೆ ನೋವು ಮಾಡಿದ್ದರೆ ಮನ್ನಿಸಲಿ ಅಂತ ಫೋನಿನಲ್ಲಿದ್ದ ಎಲ್ಲ ಹೆಸರಿಗೂ ಸಂದೇಶ ಕಳಿಸಿದರು. ನಾನು ಹಿಂದೆಯೇ ಕೂತು, ಇನ್ನೊಬ್ಬರು ಉಳಿದರಲ್ಲ ಅಪ್ಪಾ, ಅಂದೆ. ಅವರು ಹಿತ್ತಾಳೆ ಕೊಡದ ಬಾಯಿಗೆ ಸೋಸುವ ಬಟ್ಟೆ ಕಟ್ಟುತ್ತಿದ್ದರು. ತಿರುಗಿ ಕೂಡ ನೋಡಲಿಲ್ಲ. ಕಣ್ಣಿಗೆ ಕಾಣದ ಹುಳಕ್ಕೆ ನೋವಾಗಬಾರದೆಂದು ನೀರು ಸೋಸುವ ಕೈ ಅದು! ನನಗೆ ಧರ್ಮದ ಮೇಲೆ ಸಿಟ್ಟಿಲ್ಲ, ಆ ಬಟ್ಟೆಯ ಮೇಲೂ ಇಲ್ಲ. ಅದನ್ನು ಕಟ್ಟುತ್ತಲೇ ನನ್ನ ಮಾತನ್ನು ಕೇಳಿಸಿಕೊಳ್ಳದ ಹಾಗೆ ಕೂತರಲ್ಲ, ಆ ಬೆನ್ನನ್ನು ನೋಡಿ ಹೇಸಿಗೆ ಬಂತು. ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ದಾದಾನ ಹೆಂಡತಿ, ನಮ್ಮ ವೈನಿಗೆ ಆಗ ಏಳು ತಿಂಗಳು.

ಈಗ ತೊಟ್ಟಿಲಿಗೆ ಬಂದೆ! ಕೂಸಿಗೆ ಅನ್ವಿ ಅಂತ ಹೆಸರಿಡುವುದೆಂದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಿಶ್ಚಯವಾಗಿಹೋಗಿತ್ತು. ಅಪ್ಪಾ ಬಂದವರಿಗೆ ಹಂಚಲು ಸ್ಟೀಲಿನ ಬಟ್ಟಲುಗಳ ಮೇಲೆ ಆ ಹೆಸರನ್ನು ಕೆತ್ತಿಸಿಯೂ ಆಗಿತ್ತು. ಆದರೆ ಗುಂಪು ಏನು ಬೇಕಾದರೂ ಹೇಳಲಿ, ಕಿವಿಯಲ್ಲಿ ಹೇಳುವವಳು ಆತ್ಯಾ ತಾನೇ? ಅವಳು ಹೇಳಿದ್ದೇ ಹೆಸರು. ಅಪ್ಪಾ ಇದನ್ನು ಮರೆತೇಬಿಟ್ಟಿದ್ದರು. ನನಗೆ ತೃಪ್ತಿ ಅಂತ ಹೆಸರಿಟ್ಟವಳು ನೀನು, ಆಗ ಮನೆಯಲ್ಲಿ ಗೊತ್ತು ಮಾಡಿದ್ದು ಬೇರೆಯೇ ಹೆಸರಿತ್ತು ಅಂತ ನೀನೇ ಹೇಳಿದ್ದೆಯಲ್ಲ! ಕೂಸಿನ ತಾಯಿಯನ್ನು ಕೇಳದೆ ಮಾಡಬಾರದು, ಅದಕ್ಕೆ ವೈನಿಯನ್ನು ಮೊದಲೇ ಕೇಳಿದೆ. ಅವಳ ತವರು ಮುಗಳಖೋಡ. ‘ಬೇಕಾದ್ದ ಇಡ್ರಿ, ಅನ್ವಿ ಒಂದ ಬ್ಯಾಡ. ನಮ್ಮೂರಾಗ ಓಣಿಗೊಂದ ಅನ್ವಿ ಆಗ್ಯಾವ’ ಅಂದಳು. ನಾನು ಹೆಸರು ಹೇಳಿದ ಮೇಲೆ, ‘ಅಕಿ ಫೋಟೋ ಒಂದ ತೋರಸ್ರಿ ಮೊದಲ’ ಅಂದಳು. ತೋರಿಸಿದೆ. ‘ಮೂಗ ಕೂಸಿಂದ ಇದ್ದಂಗ ಐತಲ್ರಿ’ ಅಂದಳು. ನಿನ್ನ ಮೂಗೇ, ಆತ್ಯಾ, ತುದಿ ಸ್ವಲ್ಪ ಮೇಲೆ, ಯಾರನ್ನೋ ಅಣಕಿಸುವ ಹಾಗೆ!

ಹೆಂಗಸರು ಜೋಗುಳ ಹಾಡಿದರು, ತೊಟ್ಟಿಲಿನ ಮೇಲೆ ಕೆಳಗೆ ಕೂಸನ್ನು ದಾಟಿಸಿದರು. ನಾನು ಬಾಗಿದೆ. ಹಾಲು, ಪುಡಿ, ಬಜೆ ಎಲ್ಲ ಸೇರಿದ ವಾಸನೆ. ಸಣ್ಣ ಕಿವಿ, ಒಣದ್ರಾಕ್ಷಿಯ ಹಾಗೆ ಮುದುಡಿತ್ತು. ಅದರೊಳಗೆ ಹೇಳಿದೆ. ನೆಟ್ಟಗೆ ನಿಂತು ಎಲ್ಲರಿಗೂ ಕೇಳುವ ಹಾಗೆ ಮತ್ತೆ ಹೇಳಿದೆ: ಚಂ-ದ-ನಾ.

ನಿನ್ನ ಹೆಸರು. ಚಂದನಾ. ನಮ್ಮ ಮನೆಯ ನಡುಮನೆಯಲ್ಲಿ, ಎಂಟು ವರ್ಷದ ಮೇಲೆ.

ಹಾಡು ನಿಂತುಹೋಯಿತು. ಹೆಸರು ಹೇಳಿದ ಕೂಡಲೇ ಎಲ್ಲರೂ ಆತ್ಯಾನ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಒಂದು ಕೈಯೂ ಏಳಲಿಲ್ಲ. ನಾನು ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದೆ, ಮೂರ್ಖಳ ಹಾಗೆ. ಅಪ್ಪಾನ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಧಡ್ ಅಂತ ಒಂದು ಗುದ್ದು ಬಿತ್ತು ನೋಡು, ತೊಟ್ಟಿಲಿನ ಮೇಲೆಯೇ ಬೀಳುತ್ತಿದ್ದೆ! ತಿರುಗಿದರೆ ಆಯಿ. ಕೋಲು ಹಿಡಿದು ನಡೆಯುವವಳು, ಅಷ್ಟು ಬಲ ಎಲ್ಲಿತ್ತೋ. ‘ಏನ ನೋಡ್ತೀರೇ? ಗುದ್ದರೇ! ಹೆಸರ ಇಟ್ಟಾಳ!’ ಅಂದಳು. ಆಮೇಲೆ ಬಿದ್ದ ಗುದ್ದುಗಳಿಗೆ ಲೆಕ್ಕವಿಲ್ಲ.

ಅಪ್ಪಾ ಬಸದಿಯ ಪೂಜೆ ಮಾಡುವ ಉಪಾಧ್ಯೆಯವರ ಹತ್ತಿರ ಹೋಗಿ, ‘ಬ್ಯಾರೆ ಅಕ್ಷರದ ಮ್ಯಾಲೆ ಇಡೂನ್ರಿ’ ಅಂದರಂತೆ. ಅವರು, ‘ಮಹಾವೀರ ಸ್ವಾಮಿಗೆ ಆಹಾರ ಕೊಟ್ಟ ಸತಿಯ ಹೆಸರದು. ಅದನ್ನ ಬ್ಯಾಡ ಅನ್ನಾಕ ಕಾರಣ ಏನ ಹೇಳ್ತಿ ಧನಪಾಲ? ಮತ್ತ ಕಿವ್ಯಾಗ ಬಿದ್ದದ್ದ ಹೊರಗ ತಗಿಯಾಕ ಬರೂದಿಲ್ಲ’ ಅಂದರು. ಅಪ್ಪಾ ಉಣ್ಣದೆ ಮಾಳಿಗೆ ಹತ್ತಿ ಹೋದರು. ದಾದಾ ಪೆಚ್ಚಾಗಿ ಅನ್ವಿಯ ಬಟ್ಟಲುಗಳನ್ನೇ ಹಂಚಿದ. ಜನ ಬಟ್ಟಲು ನೋಡುವುದು, ಕೂಸನ್ನು ನೋಡುವುದು, ನಗುವುದು. ಈಗ ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಚಂದನಾ ಅತ್ತಳು, ಚಂದನಾ ಉಚ್ಚೆ ಹೊಯ್ದಳು, ಚಂದನಾನ್ನ ಎತ್ತಿಕೊಳ್ರಿ. ನಿನ್ನೆ ವೈನಿ ಫೋನು ಮಾಡಿದ್ದಳು. ಕೂಸು ಬಹಳ ಅಳುತ್ತಿತ್ತಂತೆ. ಅಪ್ಪಾ ಹೊರಗಿನಿಂದ, ‘ಯಾಕ, ಚಂದನಾ ಯಾಕ ಅಳಾಕತ್ತಾಳ?’ ಅಂದರಂತೆ. ಅಂದವರೇ ಹಾಗೇ ನಿಂತು, ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಹೋದರಂತೆ. ಅಯ್ಯೋ ಪಾಪ ಅನ್ನಿಸಿತಾ ಅಂತ ಕೇಳಿದಳು. ಇಲ್ಲ, ಅನ್ನಿಸಲಿಲ್ಲ. ನಿನಗೆ ಅನ್ನಿಸುತ್ತದೆ, ನನಗೆ ಗೊತ್ತು. ಅದು ನಿನ್ನ ದೊಡ್ಡತನ, ನನಗೆ ಅದು ಇನ್ನೂ ಬಂದಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಬೆರಳು ಮರಗಟ್ಟಿದೆ, ಹೊರಗೆ ಕಬ್ಬಿನ ಟ್ರಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಹೋಗುತ್ತಿವೆ. ಲಖನ ಮಾಮಾನಿಗೆ ನಮಸ್ಕಾರ ಹೇಳು, ಅಕ್ಕುತಾಯಿ ಅಜ್ಜಿಗೆ ಅವರ ಕಾಯಿ ಸಿಹಿಯಾಗಿತ್ತೆಂದು ಮರೆಯದೆ ಹೇಳು. ಭರತೇಶ ಪಕ್ಕದಲ್ಲೇ ಕೂತು ತಮ್ಮ ನಮಸ್ಕಾರವನ್ನೂ ಬರೆ ಅನ್ನುತ್ತಿದ್ದಾರೆ, ಕಾಗದವನ್ನು ಕದ್ದು ಓದುತ್ತಲೂ ಇದ್ದಾರೆ. ನಿನ್ನ ಎರಡೂ ಕಾಲು ಹಿಡಿದು, ಆಮೇಲೆ ಕುತ್ತಿಗೆಗೆ ಜೋತು ಬೀಳುವ,

ನಿನ್ನ
ತೃಪ್ತಿ

ತಾ.ಕ.: ಆತ್ಯಾ, ಲಕೋಟೆಗೆ ಅಂಟು ಹಚ್ಚುತ್ತಿದ್ದಾಗಲೇ ಆಯಿ ಫೋನು ಮಾಡಿದಳು! ಬೇಗ ಬೇಗ ಬರೆಯುತ್ತೇನೆ, ಅಕ್ಷರ ಕೆಟ್ಟರೆ ಬೈಯಬೇಡ. ನಾನೂ ಭರತೇಶರೂ ಧಾರವಾಡಕ್ಕೆ ನಿನ್ನ ಹತ್ತಿರ ಬರುವ ವಿಚಾರವನ್ನು ವೈನಿಗೆ ಹೇಳಿದ್ದೆ, ಅದು ಆಯಿಯ ಕಿವಿಗೆ ಬಿದ್ದಿದೆ. ಅವಳು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ: ‘ತೃಪ್ತಿ, ಹಾಳಿ ಸಲುವಾಗಿ ನಿಮ್ಮಪ್ಪಗ ಬೈಬ್ಯಾಡ. ಅವನ್ನ ಕೊಯ್ದಾಕಿ ನಾ. ಪುಸ್ತಕ ಎಲ್ಲಾ ನಿಪ್ಪಾಣಿಗೆ ಹೋದ್ರ ಈ ಮನ್ಯಾಗ ಅಕಿ ಕೈಲೆ ಬರದದ್ದು ಏನರೆ ಉಳೀತಿತ್ತೇನ? ದಿನಾ ಒಂದೊಂದ ಓದ್ತೀನಿ. ನನಗೂ ಒಂದ ತಿಕೀಟ ತಗಸ. ನಿಮ್ಮಪ್ಪಗ ನಾ ಹೇಳ್ತೀನಿ, ಅವ ನನ್ನ ಹೊಟ್ಯಾಗಿಂದ ಬಂದಾನ, ನಾ ಅವನ ಹೊಟ್ಯಾಗಿಂದ ಬಂದಿಲ್ಲ. ಹೊತ್ತ ಮುಳಗಿದ ಮ್ಯಾಲೆ ನಾ ಉಣ್ಣೂದಿಲ್ಲ, ಅದು ಚಂದನಾಗ ಗೊತ್ತೈತಿ. ಮರದಿನ ಮುಂಜಾನೆ ಅಕಿ ಮನ್ಯಾಗ ಉಣ್ತೀನಿ. ರೊಟ್ಟಿ ಅಕಿನ ಬಡೀಬೇಕು, ಅಳಿಯಾ ಎದುರಿಗೆ ಕುಂಡ್ರಬೇಕು ಅಂತ ಬರಿ.’ ಅಪ್ಪಾನ ಮೇಲಿನ ನನ್ನ ಹೇಸಿಗೆಯಲ್ಲಿ ಹಾಳೆಗಳ ಪಾಲನ್ನು ಕಳೆದಿದ್ದೇನೆ, ಉಳಿದದ್ದು ಇದ್ದಲ್ಲೇ ಇದೆ. ಭರತೇಶ ಕಾರಿನಲ್ಲಿ ಚಿಕ್ಕೋಡಿಗೆ ಹೋಗಿ ಆಯಿಯನ್ನು ಹತ್ತಿಸಿಕೊಂಡು ರಾಯಬಾಗ ಸ್ಟೇಷನ್ನಿಗೆ ಕರೆತರುತ್ತಾರೆ, ಮೂವರೂ ಅಲ್ಲಿಂದ ರೈಲು ಹತ್ತುತ್ತೇವೆ. ನೀನು ಸ್ಟೇಷನ್ನಿಗೆ ಬರಬೇಡ, ಮನೆಯಲ್ಲೇ ಇರು, ಬಾಗಿಲು ಹಾಕಿಕೊಂಡೇ ಇರು. ಹೇಗೆ ಬಡಿಯಬೇಕೆಂದು ಆಯಿ ನನ್ನಿಂದ ಮತ್ತೆ ಕೇಳಿಕೊಂಡಿದ್ದಾಳೆ, ತಾನೇ ಬಡಿಯುತ್ತಾಳಂತೆ. ಡಿಸೆಂಬರ್ ಏಳು, ರವಿವಾರ ಸಂಜೆ, ಹರಿಪ್ರಿಯಾ ಎಕ್ಸ್‌ಪ್ರೆಸ್.